ಮಠ ಸೇರದ ಸಂತ ಕ್ಯಾಥರೀನ್ ಪ್ರಾರ್ಥನೆ ಮಾಡಿದ್ದೆಲ್ಲಿ?

ಮನೆಗೆಲಸದಲ್ಲೇ ದಿನ ಮುಗಿಯುತ್ತದೆ, ಪ್ರಾರ್ಥನೆಗೆ ಕೂರಲು ಒಂದು ಮೂಲೆಯೂ ಇಲ್ಲ, ಸಿಯೆನಾದ ಸಂತ ಕ್ಯಾಥರೀನ್ ಮಠ ಸೇರದೆ ಹೇಗೆ ನಿಭಾಯಿಸಿದಳು ಅಂತ ಕೇಳಿದ್ದೀರಿ. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾಗ ನನಗೂ ಇದೇ ಪ್ರಶ್ನೆ ಇತ್ತು. ಆಗಲೇ ಆಕೆಯ ಬಗ್ಗೆ ಓದತೊಡಗಿದ್ದು.

ಹುಟ್ಟಿದ್ದು 1347ರಲ್ಲಿ, ಇಟಲಿಯ ಸಿಯೆನಾದಲ್ಲಿ. ಅಪ್ಪ ಬಟ್ಟೆಗೆ ಬಣ್ಣ ಹಾಕುವವನು. ತಾಯಿ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳನ್ನು ಹೆತ್ತವಳು. ಮದುವೆ ಬೇಡ ಅಂತ ಕ್ಯಾಥರೀನ್ ತಲೆಕೂದಲು ಕತ್ತರಿಸಿಕೊಂಡಾಗ ಮನೆಯವರು ಸಿಟ್ಟಾಗಿ ಆಕೆಯ ಕೋಣೆಯನ್ನೇ ಕಿತ್ತುಕೊಂಡರು, ಒಂಟಿಯಾಗಿ ಕೂರಲು ಬಿಡುವೇ ಸಿಗದಂತೆ ಅಡುಗೆ ಮನೆಯ ಕೆಲಸವನ್ನೆಲ್ಲ ಆಕೆಯ ಮೇಲೆ ಹೊರಿಸಿದರು. ಆಕೆ ಮನಸ್ಸಿನೊಳಗೇ ಒಂದು ಕೋಣೆ ಕಟ್ಟಿಕೊಂಡಳು. ಅಪ್ಪನನ್ನು ಯೇಸು, ಅಮ್ಮನನ್ನು ಯೇಸುವಿನ ತಾಯಿ ಮರಿಯಮ್ಮ, ಅಣ್ಣಂದಿರನ್ನು ಯೇಸುವಿನ ಶಿಷ್ಯರು ಅಂತ ಎಣಿಸಿ ಎಲ್ಲರ ಸೇವೆ ಮಾಡುತ್ತಿದ್ದಳು. ಆಕೆಯ ಗುರುವಾಗಿದ್ದ, ಕಾಪುವಾ ಊರಿನ ರೇಮಂಡ್ ಇದನ್ನು ಬರೆದಿಟ್ಟಿದ್ದಾರೆ.

ಮುಂದೆ ಮನೆಯವರು ಕರಗಿದರು. ಆಕೆ ಡೊಮಿನಿಕನ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಉಡುಪು ತೊಟ್ಟರೂ ಮನೆಯಲ್ಲೇ ಇದ್ದಳು. ಸುಮಾರು ಮೂರು ವರ್ಷ ಹೊರಗೇ ಬರಲಿಲ್ಲ. ಬಂದ ಮೇಲೆ ರೋಗಿಗಳ ಹತ್ತಿರ ಹೋದಳು, 1374ರಲ್ಲಿ ಪ್ಲೇಗ್ ಬಂದಾಗಲೂ. ಮರಣದಂಡನೆಗೆ ಹೆದರಿದ್ದ ಒಬ್ಬ ಯುವಕನ ಜೊತೆ ವಧಾಸ್ಥಾನದವರೆಗೂ ಹೋಗಿ, ಕತ್ತರಿಸಿದ ಅವನ ತಲೆಯನ್ನು ತನ್ನ ಕೈಗಳಲ್ಲೇ ಹಿಡಿದುಕೊಂಡಳಂತೆ. ಇದನ್ನು ಆಕೆಯೇ ಹೇಳಿಕೊಂಡ ಪತ್ರ ಓದಿದಾಗ ನನಗೆ ಅವತ್ತು ಬೇರೇನೂ ಓದಲಾಗಲಿಲ್ಲ.

ಆಕೆಯ ಸುಮಾರು 380 ಪತ್ರಗಳು ಉಳಿದಿವೆ, ಹೆಚ್ಚಿನವು ಬೇರೆಯವರ ಕೈಯಲ್ಲಿ ಬರೆಸಿದ್ದು. ಆಗ ಪೋಪ್ ಇದ್ದದ್ದು ರೋಮ್‌ನಲ್ಲಲ್ಲ, ಈಗಿನ ಫ್ರಾನ್ಸ್‌ನ ಅವಿನ್ಯೋನ್‌ನಲ್ಲಿ. ಪೋಪ್ ಹನ್ನೊಂದನೇ ಗ್ರೆಗರಿಯನ್ನು ಮನೆ ಮಗಳಂತೆ ‘ಅಪ್ಪಾ’ ಅಂತ ಕರೆದು, ಧೈರ್ಯ ಮಾಡಿ ರೋಮ್‌ಗೆ ವಾಪಸ್ ಬನ್ನಿ ಅಂತ ಬರೆಸಿದಳು. 1376ರಲ್ಲಿ ಖುದ್ದಾಗಿ ಅವಿನ್ಯೋನ್‌ಗೇ ಹೋದಳು. 1377ರ ಜನವರಿಯಲ್ಲಿ ಪೋಪ್ ರೋಮ್ ಸೇರಿದರು. ಅದಕ್ಕೆ ರಾಜಕೀಯ ಕಾರಣಗಳೂ ಇದ್ದವು, ಆದರೆ ಬಣ್ಣಗಾರನ ಮಗಳೊಬ್ಬಳು ಹಾಗೆ ಎದುರಿಗೆ ನಿಂತು ಹೇಳಿದ್ದು ಸಣ್ಣ ಮಾತಲ್ಲ, ಅಲ್ವಾ?

ಆಕೆಯ ಉಪವಾಸವನ್ನು ಮಾತ್ರ ದಯವಿಟ್ಟು ಅನುಸರಿಸಬೇಡಿ. ಕೊನೆಕೊನೆಗೆ ಆಕೆಗೆ ಊಟವೇ ಸೇರುತ್ತಿರಲಿಲ್ಲ. 1380ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡಳು. ಅದನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಕೆಲಸದ ಒತ್ತಡ ಅಂತ ರೇಮಂಡ್ ಹೇಳಿಕೊಂಡಾಗ ಆಕೆ ಕೊಟ್ಟ ಉತ್ತರವೂ ಅದೇ: ಒಳಗೊಂದು ಕೋಣೆ ಕಟ್ಟಿಕೊಳ್ಳಿ, ಅಲ್ಲಿಂದ ಹೊರಗೆ ಬರಬೇಡಿ. ಅತ್ತೆಗೆ ಗಂಜಿ ಕುಡಿಸುವಾಗ, ಮರಿಯಮ್ಮನಿಗೆ ಕುಡಿಸುತ್ತಿದ್ದೇನೆ ಅಂದುಕೊಂಡು ನಾನೂ ನೋಡಿದೆ. ಮೊದಲ ವಾರ ಸುಮ್ನೆ ನಟನೆ ಅನ್ನಿಸಿತು. ಆಮೇಲೆ ಚಮಚ ಹಿಡಿದ ಕೈಯ ಅವಸರ ಕಡಿಮೆಯಾಯಿತು.