ಹೆಸರು ಪುಟ್ಟ ಹೂವು, ಕೈಯಲ್ಲಿ ಸುತ್ತಿಗೆ

ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣಕ್ಕೆ ಆ ಹೆಸರು ಬಂದಿದ್ದು ಒಬ್ಬ ಮೇಯರ್‌ನಿಂದ ಅಂತ ಒಂದೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಆತನಿಗೇ.

ಪ್ರಶ್ನೆ: ವಿಮಾನ ನಿಲ್ದಾಣಕ್ಕೆ ಮೇಯರ್ ಹೆಸರು ಯಾಕೆ? ಸತ್ತ ಮೇಲೆ ಗೌರವಕ್ಕೆ ಇಟ್ಟಿದ್ದಾ?

ಅಲ್ಲ, ಬದುಕಿದ್ದಾಗಲೇ ಇಟ್ಟಿದ್ದು. ಅದರ ಹಿಂದೆ ಒಂದು ಜಗಳದ ಕಥೆ ಇದೆ. 1934ರಲ್ಲಿ ಫಿಯೊರೆಲ್ಲೊ ಲಾಗಾರ್ಡಿಯಾ ಹೊಸದಾಗಿ ಮೇಯರ್ ಆಗಿದ್ದ. ಆತ ಬರುತ್ತಿದ್ದ ವಿಮಾನ ನ್ಯೂವಾರ್ಕ್‌ನಲ್ಲಿ ಇಳಿಯಿತು. ಆಗೆಲ್ಲ ನ್ಯೂಯಾರ್ಕಿಗೆ ಹೋಗುವವರು ಇಳಿಯುತ್ತಿದ್ದುದೇ ಅಲ್ಲಿ, ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಎಲ್ಲರೂ ಚೀಲ ಎತ್ತಿಕೊಂಡು ಇಳಿದು ಹೋದರು. ಈತ ಮಾತ್ರ ಸೀಟು ಬಿಟ್ಟು ಏಳಲಿಲ್ಲ. ಟಿಕೆಟ್ ಮೇಲೆ ನ್ಯೂಯಾರ್ಕ್ ಅಂತ ಬರೆದಿದೆ, ಇದು ನ್ಯೂಯಾರ್ಕ್ ಅಲ್ಲ, ನಾನು ಇಳಿಯಲ್ಲ ಅಂತ ಒಂದೇ ಹಠ. ಕೊನೆಗೆ ಕಂಪನಿಯವರು ಸೋತು, ಆತನಿಗೋಸ್ಕರ ವಿಮಾನವನ್ನು ಮತ್ತೆ ಹಾರಿಸಿ ಬ್ರೂಕ್ಲಿನ್‌ನ ಫ್ಲಾಯ್ಡ್ ಬೆನೆಟ್ ಫೀಲ್ಡ್‌ನಲ್ಲಿ ಇಳಿಸಿದರು. ಪತ್ರಿಕೆಯವರಿಗೆ ಹಬ್ಬ.

ಸುಮ್ನೆ ಪ್ರಚಾರದ ಹುಚ್ಚು ಅನ್ನಬಹುದು. ಆದರೆ ಇಷ್ಟು ದೊಡ್ಡ ಊರಿಗೆ ಸರಿಯಾದ ನಿಲ್ದಾಣ ಇಲ್ಲ ಅನ್ನುವ ಮಾತು ಆ ಒಂದು ಹಠದಿಂದ ಎಲ್ಲರ ಬಾಯಿಗೆ ಬಂತು. 1939ರ ಅಕ್ಟೋಬರ್‌ನಲ್ಲಿ ಕ್ವೀನ್ಸ್‌ನ ನಾರ್ತ್ ಬೀಚ್‌ನಲ್ಲಿ ಹೊಸ ನಿಲ್ದಾಣದ ಉದ್ಘಾಟನೆಯಾಯಿತು. ಹೆಸರೂ ಆತನದೇ ಅಂಟಿಕೊಂಡಿತು.

ಪ್ರಶ್ನೆ: ಹೆಸರು ಇಟಾಲಿಯನ್ ಅಲ್ವಾ? ಹೊರಗಿನಿಂದ ಬಂದವನಾ?

ಹುಟ್ಟಿದ್ದು ನ್ಯೂಯಾರ್ಕಿನಲ್ಲೇ, 1882ರ ಡಿಸೆಂಬರ್ 11ರಂದು. ಅಪ್ಪ ಇಟಲಿಯಿಂದ ಬಂದವನು, ಅಮೆರಿಕದ ಸೈನ್ಯದಲ್ಲಿ ಬ್ಯಾಂಡ್ ಮಾಸ್ಟರ್. ಅಮ್ಮ ಟ್ರಿಯೆಸ್ಟ್ ಊರಿನ ಯಹೂದಿ ಮನೆತನದವಳು. ಹುಡುಗ ಬೆಳೆದಿದ್ದು ಅರಿಜೋನಾದ ಸೈನಿಕ ನೆಲೆಗಳಲ್ಲಿ. ಫಿಯೊರೆಲ್ಲೊ ಅಂದರೆ ಇಟಾಲಿಯನ್‌ನಲ್ಲಿ ಪುಟ್ಟ ಹೂವು. ಎತ್ತರವೂ ಐದಡಿ ಎರಡಂಗುಲ ಅಷ್ಟೇ. ಗಂಟಲು ಮಾತ್ರ ಹೂವಿನದಲ್ಲ.

ಇಪ್ಪತ್ತು ದಾಟುವ ಮೊದಲೇ ಯುರೋಪಿನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಕೆಲಸಕ್ಕೆ ಸೇರಿದ. ಫಿಯುಮೆ ಬಂದರಿನಲ್ಲಿದ್ದಾಗ ಒಂದು ವಿಷಯ ಗಮನಿಸಿದ. ಬಡವರು ಇದ್ದಬದ್ದದ್ದೆಲ್ಲ ಮಾರಿ ಹಡಗು ಹತ್ತುತ್ತಾರೆ. ವಾರಗಟ್ಟಲೆ ಸಮುದ್ರದಲ್ಲಿ ಒದ್ದಾಡಿ ನ್ಯೂಯಾರ್ಕ್ ತಲುಪಿದರೆ, ಅಲ್ಲಿನ ಡಾಕ್ಟರು ಕಾಯಿಲೆ ಇದೆ ಅಂತ ವಾಪಸ್ ಕಳಿಸುತ್ತಾರೆ. ಹಾಗಾದರೆ ಹತ್ತುವ ಮೊದಲೇ ಇಲ್ಲೇ ಪರೀಕ್ಷೆ ಮಾಡಿ ಅಂತ ಪಟ್ಟು ಹಿಡಿದ. ಹಡಗು ಕಂಪನಿಗೆ ಸಿಟ್ಟು, ಮೇಲಿನವರಿಗೆ ಕಿರಿಕಿರಿ. ಆಮೇಲೆ ನ್ಯೂಯಾರ್ಕಿಗೆ ಬಂದು, 1907ರಿಂದ ಅದೇ ವಲಸಿಗರು ಇಳಿಯುವ ಎಲ್ಲಿಸ್ ಐಲೆಂಡ್‌ನಲ್ಲಿ ದುಭಾಷಿಯಾದ. ಹಗಲು ದುಭಾಷಿ, ರಾತ್ರಿ ಕಾನೂನು ಕಾಲೇಜು.

ಭಾಷೆಗಳ ವಿಷಯ ಬಂದರೆ ಇನ್ನೊಂದು ಹೇಳಲೇಬೇಕು. 1922ರಲ್ಲಿ ಆತ ಅಮೆರಿಕದ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ನಿಂತಾಗ ಎದುರಾಳಿ ಹೆನ್ರಿ ಫ್ರಾಂಕ್ ಕಡೆಯವರು ಈತ ಯಹೂದಿಗಳ ವೈರಿ ಅಂತ ಕಾರ್ಡು ಹಂಚಿದರು. ನನ್ನ ಅಮ್ಮನೇ ಯಹೂದಿ ಅಂದುಬಿಟ್ಟಿದ್ದರೆ ಮುಗಿದಿತ್ತು. ಈತ ಹಾಗನ್ನಲಿಲ್ಲ. ಬಾ, ಯಹೂದಿಗಳ ಆಡುಮಾತು ಯಿಡ್ಡಿಷ್‌ನಲ್ಲೇ ಚರ್ಚೆ ಮಾಡೋಣ, ಒಂದು ಮಾತೂ ಇಂಗ್ಲಿಷ್ ಬೇಡ ಅಂತ ಬಹಿರಂಗ ಪತ್ರ ಬರೆದ, ಅದೂ ಯಿಡ್ಡಿಷ್‌ನಲ್ಲೇ. ಫ್ರಾಂಕ್ ಸ್ವತಃ ಯಹೂದಿ, ಆದರೂ ಚರ್ಚೆಗೆ ಬರಲಿಲ್ಲ. ಲಾಗಾರ್ಡಿಯಾ ಕೂದಲೆಳೆ ಅಂತರದಲ್ಲಿ ಗೆದ್ದ.

ಪ್ರಶ್ನೆ: ಯಾವ ಪಕ್ಷ? ಎಷ್ಟು ವರ್ಷ ಮೇಯರ್ ಆಗಿದ್ದ?

ರಿಪಬ್ಲಿಕನ್. ಊರು ಮಾತ್ರ ಡೆಮಾಕ್ರಟಿಕ್ ಪಕ್ಷದ ಟ್ಯಾಮನಿ ಹಾಲ್ ಗುಂಪಿನ ಮುಷ್ಟಿಯಲ್ಲಿತ್ತು. 1929ರಲ್ಲಿ ಆಗಿನ ಮೇಯರ್ ಜಿಮ್ಮಿ ವಾಕರ್ ಎದುರು ನಿಂತು ಹೀನಾಯವಾಗಿ ಸೋತ. ಭ್ರಷ್ಟಾಚಾರದ ತನಿಖೆ ಬಿಗಿಯಾಗಿ 1932ರಲ್ಲಿ ವಾಕರ್ ರಾಜೀನಾಮೆ ಕೊಟ್ಟ. ಮರುವರ್ಷ ಟ್ಯಾಮನಿ ವಿರೋಧಿಗಳೆಲ್ಲ ಸೇರಿ ನಿಲ್ಲಿಸಿದಾಗ ಈತ ಗೆದ್ದ. 1934ರ ಜನವರಿ 1ರಿಂದ 1945ರ ಕೊನೆಯವರೆಗೆ ಮೂರು ಅವಧಿ, ಹನ್ನೆರಡು ವರ್ಷ.

ಮಜಾ ಏನಪ್ಪಾ ಅಂದರೆ ಅಧ್ಯಕ್ಷ ರೂಸ್ವೆಲ್ಟ್ ಡೆಮಾಕ್ರಟ್. ಆದರೂ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಮಹಾ ಆರ್ಥಿಕ ಕುಸಿತದ ಕಾಲ, ಕೆಲಸ ಇಲ್ಲದವರ ಸಾಲು. ಕೇಂದ್ರದ ಹಣ ಬೇಕು ಅಂದರೆ ಯೋಜನೆ ಕೈಯಲ್ಲಿ ಹಿಡಿದು ಹೋಗಬೇಕು, ಈತ ಹೋದ. 1936ರ ಒಂದೇ ಬೇಸಿಗೆಯಲ್ಲಿ ಟ್ರೈಬರೋ ಸೇತುವೆ ಮತ್ತು ಹನ್ನೊಂದು ದೊಡ್ಡ ಈಜುಕೊಳ ಜನರಿಗೆ ತೆರೆದವು.

ಪ್ರಶ್ನೆ: ಒಂದು ತರಕಾರಿಯನ್ನೇ ನಿಷೇಧಿಸಿದ್ದನಂತೆ, ನಿಜವಾ?

ನಿಜ, ನಿಜ! ಆ ತರಕಾರಿ ಆರ್ಟಿಚೋಕ್. ಬಿರಿಯದ ಮೊಗ್ಗಿನ ಥರ ಇರುತ್ತದೆ, ಇಟಾಲಿಯನ್ ಮನೆಗಳಲ್ಲಿ ಅದಿಲ್ಲದೆ ಆಗಲ್ಲ. ಅದೇ ಸಮಸ್ಯೆ. ಚಿರೊ ಟೆರನೋವಾ ಅನ್ನುವ ಮಾಫಿಯಾದವನು ಕ್ಯಾಲಿಫೋರ್ನಿಯಾದಿಂದ ಬರುವ ಮಾಲನ್ನು ತನ್ನ ಹಿಡಿತದಲ್ಲಿಟ್ಟುಕೊಂಡು ಬೆಲೆ ಏರಿಸುತ್ತಿದ್ದ. ಅವನು ಹೇಳಿದ ರೇಟಿಗೆ ಕೊಳ್ಳದ ವ್ಯಾಪಾರಿಗೆ ಉಳಿಗಾಲವಿಲ್ಲ.

1935ರ ಡಿಸೆಂಬರ್ 21ರ ಬೆಳಗಿನ ಜಾವ. ಚಳಿ. ಬ್ರಾಂಕ್ಸ್‌ನ ಸಗಟು ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಪೆಟ್ಟಿಗೆ ಇಳಿಸುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಪೊಲೀಸರು ಕಹಳೆ ಊದಿದರು. ಲಾರಿ ಮೇಲೆ ಕುಳ್ಳ ಮೇಯರ್, ಕೈಯಲ್ಲಿ ರಾಜರ ಕಾಲದ ಹಾಗೆ ಸುರುಳಿ ಕಾಗದ. ಸಣ್ಣ ಆರ್ಟಿಚೋಕ್ ಮಾರುವುದು, ಇಟ್ಟುಕೊಳ್ಳುವುದು ಎರಡೂ ಇವತ್ತಿನಿಂದ ಅಪರಾಧ ಅಂತ ಓದಿದ. ಆಹಾರದ ವಿಷಯದಲ್ಲಿ ತುರ್ತು ಬಂದರೆ ಮೇಯರ್ ಹೀಗೆ ಮಾಡಬಹುದು ಅನ್ನುವ ಹಳೇ ನಿಯಮವೊಂದನ್ನು ಹುಡುಕಿ ತೆಗೆದಿದ್ದ. ನಾಟಕ ಅಂತ ನಗಬೇಡಿ, ಅದರ ಹಿಂದೆ ಲೆಕ್ಕ ಇತ್ತು. ಮಾರಾಟವೇ ನಿಂತರೆ ಮಾಲು ಹಿಡಿದಿಟ್ಟವನು ಅದನ್ನು ಏನು ಮಾಡುತ್ತಾನೆ? ಕೆಲವೇ ದಿನಗಳಲ್ಲಿ ಹಿಡಿತ ಸಡಿಲವಾಯಿತು, ಬೆಲೆ ಇಳಿಯಿತು, ನಿಷೇಧವೂ ಹೋಯಿತು.

ಜೂಜಿನ ಯಂತ್ರಗಳ ಕಥೆಯೂ ಇದೇ ಜಾತಿಯದು. ದೊಡ್ಡ ಸುತ್ತಿಗೆ ಹಿಡಿದು, ಕ್ಯಾಮೆರಾ ಮುಂದೆ ತಾನೇ ಒಡೆದ, ಆಮೇಲೆ ಅವುಗಳನ್ನು ನೀರಿಗೆ ತಳ್ಳಿಸಿದ.

ಪ್ರಶ್ನೆ: ಬ್ರೆಡ್ ಕದ್ದ ಮುದುಕಿಗೆ ದಂಡ ಹಾಕಿ, ತಾನೇ ಕಟ್ಟಿ, ಕೋರ್ಟಿನಲ್ಲಿದ್ದ ಎಲ್ಲರಿಂದಲೂ ಐವತ್ತು ಸೆಂಟ್ ವಸೂಲಿ ಮಾಡಿದ ನ್ಯಾಯಾಧೀಶ ಇವನೇ ತಾನೆ? ವಾಟ್ಸ್ಯಾಪ್‌ನಲ್ಲಿ ಬಂದಿತ್ತು.

ನನಗೂ ಬಂದಿತ್ತು, ನಾಲ್ಕು ಸಲ. ಒಂದೊಂದು ಸಲವೂ ಸ್ವಲ್ಪ ಬೇರೆ ಥರ. ಮೇಯರ್‌ಗೆ ಮ್ಯಾಜಿಸ್ಟ್ರೇಟ್ ಆಗಿ ಕೂರುವ ಅಧಿಕಾರ ಇತ್ತು, ಈತ ಅದನ್ನು ಬಳಸಿದ್ದೂ ಹೌದು. ಮುದುಕಿಯ ಕಥೆಯನ್ನು ಮಾತ್ರ ನಾನು ಕಥೆ ಅಂತಲೇ ಓದುತ್ತೇನೆ.

ಪ್ರಶ್ನೆ: ರೇಡಿಯೋದಲ್ಲಿ ಮಕ್ಕಳಿಗೆ ಕಾಮಿಕ್ಸ್ ಓದಿದ್ದು?

ಅದು ನಿಜ. 1945ರ ಜುಲೈನಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದರು. ಭಾನುವಾರದ ಚಿತ್ರಕಥೆ ಮಕ್ಕಳ ಕೈಗೆ ಸಿಗಲಿಲ್ಲ. ಊರಿನದೇ ಆದ ಡಬ್ಲ್ಯುಎನ್‌ವೈಸಿ ರೇಡಿಯೋದಲ್ಲಿ ಮೇಯರ್ ಕೂತು, ಪತ್ತೇದಾರಿ ಡಿಕ್ ಟ್ರೇಸಿಯ ಕಥೆಯನ್ನು ದನಿ ಏರಿಸಿ ಇಳಿಸಿ ಓದಿದ.

ಪ್ರಶ್ನೆ: ಎಲ್ಲ ಹೊಗಳಿಕೆಯೇ ಆಯ್ತು. ತಪ್ಪು ಮಾಡಲೇ ಇಲ್ವಾ?

ಜಾಸ್ತಿಯೇ ಮಾಡಿದ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಎಡವಟ್ಟು ಮಾಡಿದ ಅಧಿಕಾರಿಗೆ ಚಂದದ ಪೆಟ್ಟಿಗೆಯಲ್ಲಿ ಹೊಳಪು ಕೊಟ್ಟ ಕುರಿ ಮೂಳೆಯೊಂದನ್ನು ಬಹುಮಾನ ಕೊಡುತ್ತಿದ್ದ. ಅಲ್ಲಿ ಪೆದ್ದನನ್ನು ಮೂಳೆ ತಲೆಯವನು ಅಂತ ಕರೆಯುತ್ತಾರೆ. ಪಕ್ಕದಲ್ಲಿ ನಿಂತವರಿಗೆ ನಗು, ತೆಗೆದುಕೊಂಡವನ ಮುಖ ನೆನೆಸಿಕೊಳ್ಳಿ. ನಾಣ್ಯ ಹಾಕಿ ಆಡುವ ಪಿನ್‌ಬಾಲ್ ಯಂತ್ರದ ಆಟ ಜೂಜು ಅಂತ 1942ರಲ್ಲಿ ನಿಷೇಧಿಸಿದ, ಅದು ಹೋಗಿದ್ದು 1976ರಲ್ಲಿ.

ಇವೆಲ್ಲ ಚಿಲ್ಲರೆ. ನನಗೆ ಚುಚ್ಚುವುದು ಬೇರೆ. 1935ರಲ್ಲಿ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ಗಲಭೆಯಾದಾಗ ಈತನೇ ತನಿಖಾ ಸಮಿತಿ ಮಾಡಿದ. ಸಮಿತಿ ಕೆಲಸ, ಮನೆ, ಆಸ್ಪತ್ರೆ, ಪೊಲೀಸರ ವರ್ತನೆ ಎಲ್ಲವನ್ನೂ ಬಿಚ್ಚಿಟ್ಟಿತು. ವರದಿಯನ್ನು ಮೇಯರ್ ಹೊರಗೆ ಬಿಡಲಿಲ್ಲ. ಹಾರ್ಲೆಮ್‌ನ ಪತ್ರಿಕೆಯೇ ಅದನ್ನು ಅಚ್ಚು ಮಾಡಬೇಕಾಯಿತು. ಲಾರಿ ಹತ್ತಿ ಕಹಳೆ ಊದಿಸಿದವನು ಇಲ್ಲಿ ಬಾಯಿ ಮುಚ್ಚಿಕೊಂಡ. 1943ರಲ್ಲಿ ಹಾರ್ಲೆಮ್ ಮತ್ತೆ ಹೊತ್ತಿಕೊಂಡಿತು.

ಪ್ರಶ್ನೆ: ಮನೆ, ಸಂಸಾರ? ಕೊನೆಗಾಲ ಹೇಗಿತ್ತು?

ಮೊದಲ ಹೆಂಡತಿ ಥಿಯಾ, ಒಂದು ಪುಟ್ಟ ಮಗಳು. 1921ರಲ್ಲಿ ಒಂದೇ ವರ್ಷದಲ್ಲಿ ಇಬ್ಬರೂ ತೀರಿಕೊಂಡರು. 1929ರಲ್ಲಿ ತನ್ನ ಕಾರ್ಯದರ್ಶಿ ಮೇರಿ ಫಿಶರ್‌ಳನ್ನು ಮದುವೆಯಾದ, ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡ.

ಅಕ್ಕ ಜೆಮ್ಮಾ ಬುಡಾಪೆಸ್ಟ್‌ನಲ್ಲಿದ್ದಳು. ನಾಜಿಗಳು 1944ರಲ್ಲಿ ಹಿಡಿದು ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹಾಕಿದರು. ಬದುಕಿ ಹೊರಬಂದಳು. 1946ರಲ್ಲಿ ತಮ್ಮ ಲಾಗಾರ್ಡಿಯಾ, ಯುದ್ಧ ಸಂತ್ರಸ್ತರಿಗೆ ನೆರವು ಕೊಡುವ ವಿಶ್ವಸಂಸ್ಥೆಯ ಉನ್ರಾ ಸಂಸ್ಥೆಯ ಮುಖ್ಯಸ್ಥ. ಒಂದು ಫೋನ್ ಮಾಡಿದ್ದರೆ ಅಕ್ಕ ಬೇಗ ಬರುತ್ತಿದ್ದಳೋ ಏನೋ. ಸಾವಿರಾರು ಜನ ಕಾಯುತ್ತಿದ್ದಾರೆ, ನೀನೂ ಅವರ ಹಾಗೇ ಕಾಯಬೇಕು ಅನ್ನುವುದು ಆತನ ನಿಲುವು. ದೊಡ್ಡತನವಾ, ಕಲ್ಲುಮನಸ್ಸಾ? ನನಗೆ ಎರಡೂ ಅನ್ನಿಸುತ್ತದೆ. ಜೆಮ್ಮಾ ನ್ಯೂಯಾರ್ಕ್ ತಲುಪಿದ್ದು 1947ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ತಮ್ಮನಿಗೆ ಮೇದೋಜೀರಕದ ಕ್ಯಾನ್ಸರ್. ಸೆಪ್ಟೆಂಬರ್ 20ಕ್ಕೆ ಆತ ತೀರಿಕೊಂಡ. ಅಕ್ಕ ತಮ್ಮ ಒಂದೇ ಊರಲ್ಲಿದ್ದಿದ್ದು ನಾಲ್ಕು ತಿಂಗಳು.