ಆಪ್ತಸಲಹೆ ಪ್ರಕರಣ: ಅತ್ತೆಯ ಆರೈಕೆ, ಸೊಸೆಯ ನಿದ್ದೆ

(ಗುರುತು ಸಿಗದಂತೆ ವಯಸ್ಸು, ಓಣಿ, ಉದ್ಯೋಗದ ವಿವರ ಬದಲಿಸಲಾಗಿದೆ.)

ಹಳೇ ಹುಬ್ಬಳ್ಳಿ ಕಡೆಯವರು, ನಲವತ್ತು ದಾಟಿದ ಗೃಹಿಣಿ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ಎಂಟು ತಿಂಗಳ ಹಿಂದೆ ಅತ್ತೆಗೆ ಲಕ್ವಾ ಹೊಡೆದು ಬಲಗಡೆ ಸ್ವಾಧೀನ ತಪ್ಪಿದೆ. ಉಣಿಸುವುದು, ಮೈ ಒರೆಸುವುದು, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲ ಇವರ ಪಾಲಿಗೆ. ಬಂದದ್ದು ತಲೆನೋವು ಮತ್ತು ಸಿಟ್ಟಿನ ದೂರು ಹೊತ್ತು. "ಹುಡುಗ್ರ ಮ್ಯಾಲ ಸುಮ್‌ಸುಮ್ಕ ಒದರ್ತೀನ್ರಿ, ಆಮ್ಯಾಲ ಬಚ್ಚಲಕ್ಕ ಹೋಗಿ ಅಳ್ತೀನ್ರಿ."

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 13 ಅಂಕ ಬಂತು. 10ರಿಂದ 14 ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದನ್ನು ಸುತ್ತುಬಳಸದೆ ಕೇಳಬೇಕು. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಉತ್ತರ "ಇಲ್ರಿ" ಎಂದಿತ್ತು. "ಹೌದು" ಎಂದಿದ್ದರೆ ಮುಂದೆ ಹೇಳುವ ಯಾವುದೂ ಅವತ್ತಿನ ಮಾತಾಗುತ್ತಿರಲಿಲ್ಲ, ಅದೇ ದಿನ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹತ್ತಿರದ ಮನೋವೈದ್ಯರ ಬಳಿಗೋ ಕಳಿಸಬೇಕಿತ್ತು. ರಾತ್ರಿ ಹೊತ್ತು ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟದ್ದಾಯಿತು. 24 ತಾಸೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ತಪಾಸಣೆ. ರಕ್ತ ಕಡಿಮೆ ಇದ್ದವರಿಗೆ ಮನಸ್ಸಿನ ಉಪಾಯ ಹೇಳುತ್ತ ಕೂತರೆ ದಣಿವು ಇಳಿಯದು.

"ನಿನ್ನ ಕಡೀಗೂ ಸ್ವಲ್ಪ ನೋಡ್ಕೊ" ಎಂದು ಬೀಗರು-ಬಿಜ್ಜರೆಲ್ಲ ಹೇಳಿ ಆಗಿತ್ತು. ಆ ಮಾತು ಕೆಲಸಕ್ಕೆ ಬರುವುದಿಲ್ಲ. ಬೆಳಗಿನ ಐದರಿಂದ ತುಂಬಿದ ದಿನಕ್ಕೆ ವಾಕಿಂಗು, ಧ್ಯಾನ ಸೇರಿಸಿದರೆ ಅದೂ ಒಂದು ಬಾಕಿ ಕೆಲಸವಾಗಿ ತಲೆ ಮೇಲೆ ಕೂರುತ್ತದೆ. ಹಾಗಾಗಿ ಮೊದಲ ವಾರ ಏನನ್ನೂ ಸೇರಿಸಲಿಲ್ಲ. ಒಂದು ನೋಟ್‌ಬುಕ್, ಮೂರು ಅಂಕಣ: ಹೊತ್ತು, ಮಾಡಿದ್ದು, ಮಾಡುವ ಮೊದಲು ಮತ್ತು ನಂತರ ಮನಸ್ಸಿನ ಭಾರ ಸೊನ್ನೆಯಿಂದ ಹತ್ತರಲ್ಲಿ ಎಷ್ಟು.

ಆ ಹಾಳೆಗಳಲ್ಲಿ ಎರಡು ಸಂಗತಿ ಎದ್ದು ಕಂಡವು. ರಾತ್ರಿ ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಮೊಬೈಲ್‌ನಲ್ಲಿ ರೀಲ್ಸು: ಮೊದಲು 7, ನಂತರವೂ 7. ಧಾರವಾಡ ಆಕಾಶವಾಣಿಯಲ್ಲಿ ವಚನ ಕೇಳುತ್ತ ಸೊಪ್ಪು ಸೋಸಿದ ಅರ್ಧ ತಾಸು: 7ರಿಂದ 4. ಮರೆಸುವುದು ಬೇರೆ, ಹಗುರ ಮಾಡುವುದು ಬೇರೆ. ಇದನ್ನು ಸಲಹೆಗಾರರು ಹೇಳುವುದಕ್ಕಿಂತ ಅವರ ಕೈಬರಹದ ಅಂಕಿಯೇ ಹೇಳುವುದು ಒಳ್ಳೆಯದು. ಇನ್ನು ಚಹಾ ದಿನಕ್ಕೆ ಏಳು ಕಪ್ಪು, ಕೊನೆಯದು ರಾತ್ರಿ ಒಂಬತ್ತೂವರೆಗೆ. ಅದರಲ್ಲಿ ಒಂದನ್ನೂ ಬಿಸಿ ಇದ್ದಾಗ, ಕೂತು ಕುಡಿದಿಲ್ಲ.

ಮೊದಲು ಹಿಡಿದದ್ದು ನಿದ್ದೆ, ಅದು ಕೂಡದೆ ಉಳಿದ ಯಾವ ಸಮಾಧಾನವೂ ನಿಲ್ಲದು. ಹಾಸಿಗೆ ಹುಣ್ಣು ಆಗಬಾರದೆಂದರೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಅಷ್ಟೂ ಸಲ ಒಬ್ಬರೇ ಏಳುತ್ತಿದ್ದರು. ಗಂಡನನ್ನು ಕರೆಸಿದಾಗ ಅವರೆಂದದ್ದು, "ನಾ ಒಲ್ಲೆ ಅಂದಿಲ್ರೀ, ಆಕಿ ನನ್ನ ಎಬ್ಬಸೂದs ಇಲ್ಲ." ಇದೂ ನಿಜವೇ. ಹತ್ತರಿಂದ ಎರಡೂವರೆ ಗಂಡನ ಪಾಳಿ, ಆಮೇಲೆ ಹೆಂಡತಿಯದು ಎಂದು ಗೊತ್ತುಮಾಡಿದೆವು. ಅಲಾರಂ ಗಂಡನ ಫೋನಿನಲ್ಲೇ ಇರಬೇಕು, ಹೆಂಡತಿ ಬೇರೆ ಕೋಣೆಯಲ್ಲಿ ಮಲಗಬೇಕು. ಒಂದೇ ಕೋಣೆಯಲ್ಲಿದ್ದರೆ ಅತ್ತೆ ಕೆಮ್ಮಿದರೂ ಎಚ್ಚರವಾಗಿ ಪಾಳಿ ಹೆಸರಿಗಷ್ಟೇ ಆಗುತ್ತದೆ. ಏರ್‌ಬೆಡ್ ತಂದರೆ ಮಗ್ಗುಲಿನ ಅಂತರ ಹೆಚ್ಚಿಸಬಹುದೇ ಎಂಬುದನ್ನು ವೈದ್ಯರೇ ಚರ್ಮ ನೋಡಿ ಹೇಳಲಿ.

ಚಹಾವನ್ನು ಒಮ್ಮೆಗೇ ಬಿಡಿಸಲಿಲ್ಲ. ಹಾಗೆ ಬಿಟ್ಟರೆ ಒಂದೆರಡು ದಿನದಲ್ಲಿ ತಲೆನೋವು ಹಿಡಿದು ಮತ್ತೆ ಶುರುವಾಗುತ್ತದೆ. ಎರಡು ದಿನಕ್ಕೆ ಒಂದು ಕಪ್ಪು ಕಡಿಮೆ, ರಾತ್ರಿಯದನ್ನು ಮೊದಲು. ಚಹಾದಲ್ಲಿರುವ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಆದರೆ ಸಂಜೆ ನಾಲ್ಕರ ಕಪ್ಪನ್ನು ಉಳಿಸಿ, ಅದನ್ನೇ ಹದಿನೈದು ನಿಮಿಷದ ಬಿಡುವು ಮಾಡಿದೆವು: ಬಿಸಿಬಿಸಿಯಾಗಿ, ಮನೆ ಮುಂದಿನ ಕಟ್ಟೆ ಮೇಲೆ, ಕೈಯಲ್ಲಿ ಫೋನಿಲ್ಲದೆ. ಸಾಲಿಯಿಂದ ಬಂದ ಮಗಳು ಅಷ್ಟು ಹೊತ್ತು ಅಜ್ಜಿಯ ಹತ್ತಿರ. ಹೊಸ ಹೊತ್ತು ಹುಡುಕುವ ಬದಲು ಮೊದಲೇ ಇರುವ ಕಪ್ಪಿಗೆ ಕಟ್ಟಿದರೆ ಮರೆಯುವುದಿಲ್ಲ.

ಅಡ್ಡ ಬಂದದ್ದು ಸಮಯವಲ್ಲ, ನಾಚಿಕೆ. "ಅತ್ತಿಯಾರು ಹಾಸಗಿ ಹಿಡದಾರ, ನಾ ಕಟ್ಟಿ ಮ್ಯಾಲ ಕುಂತು ಚಾ ಕುಡದ್ರ ಓಣಿ ಮಂದಿ ಏನಂದಾರ್ರಿ?" ಎರಡನೇ ವಾರ ಕಟ್ಟೆಗೆ ಹೋಗಿದ್ದು ಎರಡೇ ದಿನ. ವಾದ ಮಾಡಿ ಈ ಅಳುಕನ್ನು ತೆಗೆಯಲಾಗದು. ಜಾಗ ಬದಲಿಸಿದೆವು, ಕಟ್ಟೆ ಬಿಟ್ಟು ಹಿತ್ತಲು. ಜೊತೆಗೆ ಅತ್ತೆಗೂ ಅದೇ ಹೊತ್ತಿಗೆ ಅರ್ಧ ಕಪ್ಪು, ಎಬ್ಬಿಸಿ ನೆಟ್ಟಗೆ ಕೂರಿಸಿ; ನುಂಗುವ ತೊಂದರೆ ಇಲ್ಲವೆಂದು ವೈದ್ಯರು ಹೇಳಿದ್ದರಿಂದ ಮಾತ್ರ. ಅತ್ತೆಯ ಚಹಾ ಆದಮೇಲೆ ಸೊಸೆಯ ಚಹಾ ಎಂದಾಗ ಅಳುಕು ಕಡಿಮೆಯಾಯಿತು.

ಸಿಟ್ಟು ಏರಿದಾಗ ಉಸಿರಾಟ: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಐದು ನಿಮಿಷ. ಮೊದಲ ದಿನ ತಲೆ ಸುತ್ತಿತು, ಬೆರಳು ಜುಮ್ಮೆಂದವು. ಜೋರಾಗಿ ದೊಡ್ಡ ಉಸಿರು ಎಳೆದರೆ ಇಂಗಾಲದ ಡೈಆಕ್ಸೈಡ್ ಇಳಿದು ಹೀಗಾಗುತ್ತದೆ. ಉಸಿರು ದೊಡ್ಡದಿರಬಾರದು, ನಿಧಾನ ಇರಬೇಕು. ರಾತ್ರಿ ಮಲಗುವ ಒಂದು ತಾಸು ಮೊದಲು ಬಕೆಟ್‌ನ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಕಾಲಿಡುವುದು ಅವರೇ ಆರಿಸಿಕೊಂಡದ್ದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಇರುವವರು ಇದನ್ನು ಮಾಡಬಾರದು, ಸುಟ್ಟರೂ ಗೊತ್ತಾಗದು. ಇವರ ಸಕ್ಕರೆ ಸರಿ ಇತ್ತು. ಆದರೂ ನೀರನ್ನು ಮೊಣಕೈಯಿಂದ ನೋಡಲು ಹೇಳಿದೆವು, ಹಂಚಿನ ಮುಂದೆ ಕೂತ ಅಂಗೈಗೆ ಬಿಸಿ ಅಷ್ಟಾಗಿ ತಾಗದು.

ಗದಗಿನ ನಾದಿನಿಯ ನೆರವು ಕೇಳುವುದು ಕೊನೆಗೆ. "ಆಗಾಗ ಬರ್ರಿ" ಎಂದರೆ ಯಾರೂ ಬರುವುದಿಲ್ಲ. "ರವಿವಾರ ಹತ್ತರಿಂದ ಒಂದರ ತನಕ ಅವ್ವನ ಹಂತೇಕ ಇರ್ರಿ, ಊಟಕ್ಕ ರೊಟ್ಟಿ-ಝುಣಕಾ ಮಾಡಿಟ್ಟಿರ್ತೀನಿ" ಎಂದು ಗಂಡನೇ ಫೋನು ಮಾಡಿದರು. ತಮ್ಮ ತಂಗಿಗೆ ಅಣ್ಣ ಹೇಳಿದರೆ ದೂರು ಎನಿಸುವುದಿಲ್ಲ, ಸೊಸೆ ಹೇಳಿದರೆ ಎನಿಸುತ್ತದೆ.

ಆರು ವಾರದ ಹೊತ್ತಿಗೆ ಪಿಎಚ್‌ಕ್ಯೂ-9 ಅಂಕ 7ಕ್ಕೆ ಇಳಿದಿದೆ. ರೀಲ್ಸು ಪೂರ್ತಿ ನಿಂತಿಲ್ಲ, ಹನ್ನೊಂದಕ್ಕೆ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗುತ್ತದೆ, ಅಷ್ಟು ಸಾಕು. ಸೊಂಟನೋವು ಹಾಗೇ ಇದೆ. ಅತ್ತೆಯನ್ನು ಎತ್ತುವ ಬದಲು ಚಾದರ ಹಿಡಿದು ಇಬ್ಬರು ಸರಿಸುವ ಕ್ರಮ ಕಲಿಯಲು ಫಿಸಿಯೋಥೆರಪಿಗೆ ಕಳಿಸಲಾಗಿದೆ. ನಾದಿನಿ ಲಗ್ನದ ಸೀಜನ್ನಿನಲ್ಲಿ ಬರಲಾಗದು ಎಂದಿದ್ದಾರೆ. ಆ ಎರಡು ತಿಂಗಳ ರವಿವಾರಕ್ಕೆ ತಾಸಿನ ಲೆಕ್ಕದಲ್ಲಿ ಬರುವ ಆಯಾಗೆ ಎಷ್ಟು ಕೊಡಬಹುದು ಎಂಬ ಲೆಕ್ಕ ಮುಂದಿನ ಭೇಟಿಗೆ ಗಂಡ ಬರೆದು ತರಬೇಕು.