ಆರ್‌ಸಿ ಗ್ಲೈಡರ್ ಕಾಂಪಿಟೇಶನ್‌ಗೆ ಇಳಿಯಾಕ 40 ಸಾವಿರ ಸಾಕೇನ್ರಿ?

ನೀವು ಕೇಳಿದ್ದು ಇಷ್ಟು: ಬಾಗಲಕೋಟ್ಯಾಗ ಇಂಜಿನಿಯರಿಂಗ್ ಓದಾಕತ್ತೀರಿ, ರಿಮೋಟಿನಿಂದ ಹಾರಸೂ (ಆರ್‌ಸಿ) ಗ್ಲೈಡರ್ ವಿಡಿಯೋ ನೋಡಿ ಹುಚ್ಚ ಹಿಡದೈತಿ, ಕೈಯಾಗ 40 ಸಾವಿರ ಐತಿ, ಇಷ್ಟರಾಗ ಒಂದು ಗ್ಲೈಡರ್ ತಗೊಂಡು ಎಫ್‌5ಜೆ (ಮೋಟರಿನಿಂದ ಮ್ಯಾಲೆ ಏರಿಸಿ, ಅದನ್ನ ಬಂದ್ ಮಾಡಿ ಗ್ಲೈಡರ್ ತೇಲಸೂ ಆಟ) ಸ್ಪರ್ಧಾಕ್ಕ ಹೋಗಬಹುದೇನು, ಗೆಲ್ಲಬಹುದೇನು. ಹಾರಸಾಕ ಸಾಕು. ಕಾಂಪಿಟೇಶನ್‌ಗೆ ಹೋಗಿ ನಿಲ್ಲಾಕೂ ಸಾಕು. ಗೆಲ್ಲೂದು ಬ್ಯಾರೆ ಮಾತು, ಯಾಕಂದ್ರ ಈ ಆಟದಾಗ ರೊಕ್ಕ ತಿನ್ನೂದು ಗ್ಲೈಡರ್ ಅಲ್ರೀ, ಅದನ್ನ ನೆಲಕ್ಕ ಇಳಸೂದು ತಿಂತೈತಿ. ನಾ ವಿಜಯಪುರದಾವ, ತಿಕೋಟಾ ಕಡೆ ಎರಿ ಹೊಲದಾಗ ಹಾರಸ್ತೀನಿ, ಹಿಂಗಾಗಿ ನಮ್ಮ ಕಡೆ ಲೆಕ್ಕದಾಗ ಹೇಳ್ತೀನಿ.

ಮೊದಲ ಸ್ಕೋರ್ ಹ್ಯಾಂಗ ಅಂತ ತಿಳ್ಕೋರಿ, ಇಲ್ಲಾಂದ್ರ ಖರ್ಚು ಎಲ್ಲಿಂದ ಬರ್ತೈತಿ ಅನ್ನೂದ ಗೊತ್ತಾಗೂದಿಲ್ಲ. ಎಫ್‌5ಜೆನಾಗ ಮೋಟರ್ 30 ಸೆಕೆಂಡ್ ತನಕ ಓಡಸಬಹುದು, ಆಮ್ಯಾಲೆ ಬಂದ್, ಮತ್ತ ಚಾಲೂ ಮಾಡಿದ್ರ ಆ ಫ್ಲೈಟ್ ಸೊನ್ನಿ. ಕೊಟ್ಟ ಟೈಮ್ 10 ನಿಮಿಷ, ಹಾರಿದ ಒಂದೊಂದು ಸೆಕೆಂಡಿಗೆ ಒಂದು ಪಾಯಿಂಟ್. ಗ್ಲೈಡರ್ ಒಳಗ ಆಲ್ಟಿಮೀಟರ್ ಇರ್ತೈತಿ, ಅದು ಮೋಟರ್ ಬಂದ್ ಆಗಿ 10 ಸೆಕೆಂಡ್ ತನಕ ಮುಟ್ಟಿದ ಎತ್ತರ ಬರಕೋತೈತಿ, ಪ್ರತಿ ಮೀಟರಿಗೆ ಅರ್ಧ ಪಾಯಿಂಟ್ ಕಟ್, 200 ಮೀಟರ್ ದಾಟಿದ್ರ ಮೀಟರಿಗೆ 3. ಗುರುತಿನಿಂದ ಒಂದು ಮೀಟರ್ ಒಳಗ ಇಳಿಸಿದ್ರ 50 ಪಾಯಿಂಟ್. ಈಗ ಒಬ್ಬಾಂವ 80 ಮೀಟರಿಗೆ ಮೋಟರ್ ಬಂದ್ ಮಾಡಿ 9 ನಿಮಿಷ 58 ಸೆಕೆಂಡ್ ಹಾರಿಸಿ ಚಂದಂಗ ಇಳಿಸಿದ್ರ 598ರಾಗ 40 ಕಳದು 50 ಕೂಡ್ಸಿ 608. ನೀವು ಅಂಜಿ 160 ಮೀಟರ್ ತನಕ ಹೋಗಿ ಅಷ್ಟ ಹೊತ್ತು ಹಾರಿಸಿ ಅಷ್ಟ ಚಂದ ಇಳಿಸಿದ್ರೂ 568. ಗ್ರೂಪ್‌ನ್ಯಾಗ ಹೆಚ್ಚಿನಾಂವಗ 1000 ಕೊಟ್ಟು ಉಳದವರದ್ದು ಅದರ ಮ್ಯಾಲೆ ತಗೀತಾರ, ನಿಮ್ಮದು 934. ಎಲ್ಲಾ ಸರಿ ಮಾಡಿದ್ರೂ 66 ಹೋತು ನೋಡ್ರಿ. ಅದಕ್ಕ ಮುಂದಿನ ರೌಂಡಿಗೆ ನೀವೂ 50 ಮೀಟರಿಗೆ ಬಂದ್ ಮಾಡ್ತೀರಿ, ಥರ್ಮಲ್ (ಬಿಸಿಯಾಗಿ ಮ್ಯಾಲೆ ಏರೂ ಗಾಳಿ) ಸಿಗಲಿಲ್ಲ, 4 ನಿಮಿಷಕ್ಕ ಕೆಳಗ ಬಂತು, ಲ್ಯಾಂಡಿಂಗ್ ಪೂರಾ ಸಿಕ್ಕರೂ 265, ಗ್ರೂಪಿನ ಮುಂದಿನಾಂವಂದು ಮತ್ತ 608 ಆದ್ರ ನಿಮ್ಮದು 436. ಇಡೀ ದಿನದ ಲೆಕ್ಕ ಅಲ್ಲೇ ಮುಗೀತು.

ಈ 50 ಮೀಟರಿನಾಗ ಸಣ್ಣ ಗಾಳಿಯೊಳಗೂ ತೇಲೂ ಗ್ಲೈಡರ್ ಬೇಕು ಅನಸ್ತೈತಿ, ರೊಕ್ಕದ ಬಾಗಲಾ ತೆರಿಯೂದ ಇಲ್ಲಿಂದ. ರೂಲ್‌ನ್ಯಾಗ ರೆಕ್ಕಿ 4 ಮೀಟರ್ ತನಕ ಬಿಡ್ತಾರ, ಯುರೋಪಿನ ಕಾರ್ಬನ್ ಮೋಲ್ಡೆಡ್ ಮಾಡೆಲ್ ಬರೇ ಬಾಡಿ-ರೆಕ್ಕಿನ ಒಂದೂವರಿ-ಎರಡು ಲಕ್ಷದ ಮ್ಯಾಲೆ ಹೋಗ್ತಾವು. ಅದಕ್ಕ ಆರು ಸರ್ವೋ, ಅಂದ್ರ ರೆಕ್ಕಿ-ಬಾಲದ ಹಿಂದಿನ ಅಲಗು ತಿರಗಸೂ ಸಣ್ಣ ಮೋಟರ್: ಏಲರಾನ್‌ಗೆ ಎರಡು, ಫ್ಲ್ಯಾಪ್‌ಗೆ ಎರಡು, ರಡರ್ ಒಂದು, ಎಲಿವೇಟರ್ ಒಂದು. ತೆಳು ರೆಕ್ಕ್ಯಾಗ ಕೂಡೂ ಛಲೋ ಸರ್ವೋ ಒಂದಕ್ಕ ಮೂರು-ನಾಕು ಸಾವಿರ. ಅಂದ್ರ ನಿಮ್ಮ 40ರಾಗ ಅರ್ಧ ಬರೇ ಸರ್ವೋಕ್ಕ.

ಆಮ್ಯಾಲೆ ತರಸೂ ಕಥಿ. ಕೊರಿಯರ್‌ನಾವ್ರು ತೂಕ ನೋಡಂಗಿಲ್ಲ, ಬಾಕ್ಸ್ ಸೈಜ್ ನೋಡ್ತಾರ. 150 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರ ಗುಣಿಸಿ 5000ದಿಂದ ಭಾಗಿಸ್ರಿ, 22.5 ಕೆಜಿ ಬರ್ತೈತಿ, ಒಳಗಿನ ಸಾಮಾನು ಎರಡು ಕೆಜಿ ಇದ್ರೂ ರೊಕ್ಕ ಇಪ್ಪತ್ತೆರಡೂವರಿಗೆ. ಅದರ ಮ್ಯಾಲೆ ಕಸ್ಟಮ್ಸ್. 2022ರ ಫೆಬ್ರವರಿಯಿಂದ ಪೂರಾ ರೆಡಿ ಇರೂ ಡ್ರೋನ್ ಹೊರಗಿಂದ ತರಸಾಕ ಬಂದ್ ಮಾಡ್ಯಾರ, ಬಿಡಿ ಭಾಗಕ್ಕ ಅಡ್ಡಿ ಇಲ್ಲ, ಆದ್ರ ಬಾಕ್ಸ್ ಬಿಚ್ಚಿ ನೋಡೂ ಸಾಹೇಬ್ರಿಗೆ ಮೋಟರ್-ರೆಕ್ಕಿ-ರಿಸೀವರ್ ಒಂದ ಕಡೆ ಕಂಡ್ರ ಇದು ಗ್ಲೈಡರೋ ಡ್ರೋನೋ ಅಂತ ತಿಳಿಸೂದರಾಗ ವಾರ ಹೋಗ್ತಾವು.

ಇಷ್ಟಾದ್ರೂ ಇದು ಒಂದ ಸಲದ ಖರ್ಚು. ಹೊಲದ ಖರ್ಚು ದಿನಾ ಐತಿ. ನಮ್ಮ ಎರಿ ಭೂಮಿ ಥರ್ಮಲ್‌ಗೆ ಬಂಗಾರ, ಮಾರ್ಚ್-ಏಪ್ರಿಲ್‌ನ್ಯಾಗ ಹಗಲ ಹನ್ನೊಂದಕ್ಕ ಹದ್ದು ರೆಕ್ಕಿ ಬಡೀಲಾರದ ತಿರಗಾಕತ್ತಿದ್ದು ಕಾಣ್ತೈತಿ, ಅದರ ಕೆಳಗ ಹೋದ್ರ ಗ್ಲೈಡರ್ ತಾನ ಎದ್ದು ಹೋಗ್ತೈತಿ. ಇಳಿಯೂ ಜಾಗ ಮಾತ್ರ ವೈರಿ. ಆಗ ಭೂಮಿ ಬಾಯಿ ಬಿಟ್ಟಿರ್ತೈತಿ, ಹೆಂಟಿ ಕಲ್ಲಿನಂಗ. ತೊಗರಿ ಕೊಯ್ದ ಹೊಲ ಆದ್ರ ಕೂಳಿ ಚೂಪ ನಿಂತಿರ್ತಾವು, ರೆಕ್ಕಿಗೆ ಹಾಕಿದ ಫಿಲ್ಮ್ ಕೆಳಗಿಂದ ಸೀಳಿ ಬಿಡ್ತಾವು. ಇಳಸೂ ಹೊತ್ತಿಗೆ ಸ್ಪೀಡ್ ಕಮ್ಮಿ ಮಾಡಾಕ ಫ್ಲ್ಯಾಪ್ ಕೆಳಗ ಬಿಟ್ಟಿರ್ತೀವಿ, ಅದು ಕೂಳಿಗೆ ತಾಗಿದ್ರ ಫ್ಲ್ಯಾಪ್ ಸರ್ವೋದ ಹಲ್ಲು ಕಟ್, ನಾಕು ಸಾವಿರ ಖಲಾಸ್. ಹಿಂಗಾಗಿ ಮುಟ್ಟೂದಕ್ಕಿಂತ ಒಂದು ಕ್ಷಣ ಮೊದಲ ಫ್ಲ್ಯಾಪ್ ಎತ್ತೂದು ಕಲೀಬೇಕು, ಇದನ್ನ ಹುಲ್ಲಿನ ಮೈದಾನದ ವಿಡಿಯೋದಾಗ ಯಾರೂ ತೋರಸಂಗಿಲ್ಲ. ಇನ್ನ ತಿಕೋಟಾ ಕಡೆ ದ್ರಾಕ್ಷಿ ಪಡ. ಕಬ್ಬಿಣದ ಆ್ಯಂಗಲ್, ಅದರ ಮ್ಯಾಲೆ ಬಿಗದ ತಂತಿ, ಅದರಾಗ ಗ್ಲೈಡರ್ ಹೊಕ್ಕರ ರೆಕ್ಕಿ ಚಕ್ಕುಲಿ ಮುರದಂಗ ಮುರೀತೈತಿ, ಮ್ಯಾಲೆ ಪಡದ ಮಾಲಕರ ಬೈಗಳ ಬ್ಯಾರೆ, ಔಷಧ ಹೊಡದ ಟೈಮಿನ್ಯಾಗ ಒಳಗ ಬಿಡೂದೂ ಇಲ್ಲ, ಅವರದ್ದೂ ಬರೋಬ್ಬರಿ ಐತಿ.

ಬ್ಯಾಸಗಿ ಬಿಸಲಿಗೆ ಮತ್ತೊಂದು ಕಾಟ. ಕಾರ್ ಬಾಗಲಾ ಹಾಕಿ ಬಿಸಲಾಗ ನಿಲ್ಲಿಸಿ ಕಾರ್ಬನ್ ರೆಕ್ಕಿ ಒಳಗ ಬಿಟ್ರ ಇಪಾಕ್ಸಿ ಮೆತ್ತಗಾಗಿ ರೆಕ್ಕಿ ತಿರುಚಬಹುದು, ಲೈಪೋ ಬ್ಯಾಟರಿ ಉಬ್ಬತೈತಿ. ಬಿಳಿ ಬಟ್ಟಿ ಮುಚ್ಚಿ ಗಿಡದ ನೆರಳಾಗ ಇಡ್ರಿ.

ರೂಲಿಂದೂ ಹೇಳಬೇಕು. 2021ರ ಡ್ರೋನ್ ರೂಲ್ಸ್ ಪ್ರಕಾರ ಹವ್ಯಾಸಕ್ಕ ಕಣ್ಣಿಗೆ ಕಾಣೂವಷ್ಟು ದೂರದಾಗ ಹಾರಸೂ 25 ಕೆಜಿ ಒಳಗಿನ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ಆ ಮಾಡೆಲ್‌ಗೆ ಸರ್ಕಾರದ ಮಂಜೂರಾತಿ) ಬ್ಯಾಡ. ಖರೆ ಡಿಜಿಟಲ್ ಸ್ಕೈ ಅನ್ನೂ ಸರ್ಕಾರದ ಡ್ರೋನ್ ಮ್ಯಾಪ್ ನೋಡಲೇಬೇಕು, ಪರ್ಮಿಶನ್ ಇಲ್ಲದ ಹಾರಸೂ ಗ್ರೀನ್ ಝೋನ್ ಅಂದ್ರ 400 ಅಡಿ ತನಕ ಅಷ್ಟ, ಅಂದ್ರ 120 ಮೀಟರ್. ಛಲೋ ಥರ್ಮಲ್ ಸಿಕ್ಕರ ಗ್ಲೈಡರ್ ಅದನ್ನ ಎರಡ ನಿಮಿಷದಾಗ ದಾಟತೈತಿ. ನೀವು ಕಲತ ಆಟ ಎತ್ತರ ಹೋಗೂದು, ರೂಲ್ ಹೇಳೂದು ಅಲ್ಲೇ ನಿಲ್ಲಸು ಅಂತ, ಹಿಂಗಾಗಿ ಪ್ರ್ಯಾಕ್ಟೀಸ್‌ನ್ಯಾಗ ಏರಿದ ಗ್ಲೈಡರನ್ನ ಬೇಕಂತಲೇ ಬ್ರೇಕ್ ಹಾಕಿ ಇಳಸಬೇಕಾಗ್ತೈತಿ, ಇದರಷ್ಟು ಹೊಟ್ಟಿ ಉರಸೂದು ಬ್ಯಾರೆ ಇಲ್ಲ. ಬೆಳಗಾವಿ ದೋಸ್ತರಿಗೆ ಇನ್ನೂ ಬಿಗಿ, ಸಾಂಬ್ರಾ ಏರ್‌ಪೋರ್ಟ್ ಕಂಪೌಂಡಿನಿಂದ 8 ಕಿಲೋಮೀಟರ್ ಒಳಗ ಪರ್ಮಿಶನ್ ಇಲ್ಲದ ಹಾರಸಂಗಿಲ್ಲ, 8ರಿಂದ 12ರಾಗ 200 ಅಡಿ ಅಷ್ಟ. ಬದಲಿಗೆ ಅವರಿಗೆ ಯಳ್ಳೂರಿನ ರಾಜಹಂಸಗಡದಂಥಾ ಗುಡ್ಡ ಅದಾವು, ಪಡುವಣ ಗಾಳಿ ಗುಡ್ಡಕ್ಕ ಬಡದು ಮ್ಯಾಲೆ ಏರ್ತೈತಿ. ನಮಗ ಆ ಭಾಗ್ಯ ಇಲ್ಲ.

ಇನ್ನೊಂದು, ಇದನ್ನ ರೊಕ್ಕದಾಗ ಅಳಿಯಾಕ ಬರೂದಿಲ್ಲ: ನೀವು ಒಬ್ಬರ. ಸ್ಪರ್ಧಾದಾಗ ಒಂದ ಟೈಮಿಗೆ ಐದಾರು ಮಂದಿ ಒಟ್ಟಿಗೆ ಬಿಡ್ತಾರ, ಯಾರ ಗ್ಲೈಡರ್ ಏರಾಕತ್ತೈತಿ ನೋಡಿ ಅತ್ತ ಹೋಗೂದ ಅರ್ಧ ವಿದ್ಯಾ. ಹೊಲದಾಗ ಒಬ್ಬರ ಹಾರಿಸಿ ಆ ವಿದ್ಯಾ ಬರಂಗಿಲ್ಲ. ಟೈಮ್ ಹೇಳಾಕ, ಹಿಂದ ನಿಂತು ಗಾಳಿ ನೋಡಾಕ ಒಬ್ಬ ಹೆಲ್ಪರ್ ಬೇಕು, ಅಂದ್ರ ನಿಮ್ಮ ದೋಸ್ತನ ಟಿಕೆಟ್, ಊಟ, ರೂಮ್ ನಿಮ್ಮ ಲೆಕ್ಕಕ್ಕ. ಬೆಂಗಳೂರ ಕಡೆ ಹೋಗೂದಾದ್ರ ಗೋಲಗುಂಬಜ್ ಎಕ್ಸ್‌ಪ್ರೆಸ್‌ನ್ಯಾಗ ಉದ್ದನ್ನ ಬಾಕ್ಸ್ ಸೀಟಿನ ಕೆಳಗ ಹಿಡಿಯಂಗಿಲ್ಲ, ಮ್ಯಾಲಿನ ಬರ್ತ್‌ನ್ಯಾಗ ಬಾಕ್ಸ್ ಮಲಗತೈತಿ, ಬರ್ತ್ ಬುಕ್ ಮಾಡಿದಾವ್ರು ನಾವು ಕುಂತು ಹೋಗ್ತೀವಿ, ಟಿಸಿ ಬಂದಾಗೊಮ್ಮೆ ಅದೇನು ಇದೇನು ಅಂತ ಉತ್ತರಾ ಹೇಳ್ಕೋತ.

ಹಂಗಾದ್ರ 40 ಸಾವಿರದಾಗ ಏನ್ ಮಾಡೂದು. ನನ್ನ ಅಂದಾಜು ಹೇಳ್ತೀನಿ, ರೇಟ್ ಹೆಚ್ಚುಕಮ್ಮಿ ಆಗ್ತಿರ್ತಾವು. ರೇಡಿಯೋಕ್ಕ, ಅಂದ್ರ ಕೈಯಾಗಿನ ರಿಮೋಟಿಗೆ, 10-12 ಸಾವಿರ ಹಾಕ್ರಿ, ಇದರಾಗ ಕಂಜೂಸಿ ಬ್ಯಾಡ, ಮುಂದ ಎಂಥಾ ಗ್ಲೈಡರ್ ತಗೊಂಡ್ರೂ ಇದ ನಡೀತೈತಿ. 2 ಮೀಟರಿನ ಫೋಮ್ ಗ್ಲೈಡರ್, ಮೋಟರ್-ಸರ್ವೋ ಕೂಡಿಸಿದ್ದು, 15ರ ಸುತ್ತ. ಎರಡು ಬ್ಯಾಟರಿ, ಒಂದು ಚಾರ್ಜರ್ ಸೇರಿ 8. ಉಳದ ಐದಾರು ಸಾವಿರಕ್ಕ ಆಲ್ಟಿಮೀಟರ್ ತಗೋಬ್ಯಾಡ್ರಿ ಈಗ, ಅದನ್ನ ಮುರಿಯೂದಕ್ಕ ಇಟ್ಕೋರಿ: ಫೋಲ್ಡಿಂಗ್ ಪ್ರೊಪೆಲ್ಲರ್, ಸರ್ವೋ, ಟೇಪ್. ಇಪಿಓ ಅನ್ನೂ ಗಟ್ಟಿ ಫೋಮ್ ಆದ್ರ ಫೆವಿಕ್ವಿಕ್ ಹಾಕಿ ಹೊಲದಾಗ ನಿಂತ ಕೂಡಸಬಹುದು, ಸಾದಾ ಥರ್ಮಾಕೋಲಿಗೆ ಹಾಕಬ್ಯಾಡ್ರಿ, ಕರಗಿ ತೂತು ಬೀಳ್ತೈತಿ. ಕಾಲೇಜಿನ್ಯಾಗ ಇನ್ನ ಇಬ್ಬರಿಗೆ ಹುಚ್ಚ ಹಿಡಸಿ ಅದ ಮಾಡೆಲ್ ತಗೊಳ್ಳಾಕ ಹಚ್ರಿ, ಒಬ್ಬಂದು ಮುರದ್ರ ಇನ್ನೊಬ್ಬನ ಭಾಗ ಕೂಡ್ತಾವು, ಮೂವರೂ ಒಟ್ಟಿಗೆ ಬಿಟ್ರ ಗ್ರೂಪ್ ಫ್ಲೈಯಿಂಗೂ ಆತು. ಈ ಫೋಮ್ ಹಿಡಕೊಂಡು ಕಾರ್ಬನ್ ಮಂದಿ ಮುಂದ ಗೆಲ್ಲೂದಿಲ್ಲ, ಅದು ಖರೆ, ಕೆಟ್ಟ ಗಾಳಿಯ ರೌಂಡ್‌ನ್ಯಾಗ ಒಬ್ಬಿಬ್ಬರನ್ನ ಹಿಂದ ಹಾಕಬಹುದು ಅಷ್ಟ.

ಮೋಟರ್ ಇಲ್ಲದ್ದು ಬೇಕಂದ್ರ ಎಫ್‌3ಕೆ ಅನ್ನೂ ಸ್ಪರ್ಧಾ ಐತಿ, ಒಂದೂವರಿ ಮೀಟರ್ ರೆಕ್ಕಿದು, ತುದಿ ಹಿಡದು ಗಿರ್ರನೆ ತಿರಗಿ ಒಗಿಯೂದು. ಸಣ್ಣ ಜಾಗದಾಗ ನಡೀತೈತಿ, ಕೈಯಾಗ ಹಿಡಕೊಂಡ್ರ ಕೂಳಿ ಕಾಟಾನೂ ಇಲ್ಲ, ಭುಜಾ ನೋಯ್ತಾವು ಮಾತ್ರ.

ಫೀ ತುಂಬೂಕಿಂತ ಮೊದಲ ಸಂಘಟಕರಿಗೆ ಫೋನ್ ಹಚ್ಚಿ ಕೇಳ್ಕೋರಿ: ಎಫ್‌ಎಐ (ಹಾರೂ ಆಟಗಳ ಜಾಗತಿಕ ಸಂಸ್ಥೆ) ರೂಲೋ ತಮ್ಮದ ರೂಲೋ, ಯಾಕಂದ್ರ ಕಾಲೇಜ್ ಫೆಸ್ಟ್‌ನ್ಯಾಗ ಗ್ಲೈಡರ್ ಅಂದ್ರ ಬರೇ ಕೈಲಿಂದ ಒಗಿಯೂ ಥರ್ಮಾಕೋಲ್ ಅಂತಾನೂ ಇರ್ತೈತಿ. ಆಲ್ಟಿಮೀಟರ್ ಅವರ ಕೊಡ್ತಾರೋ ನಾವ ತರಬೇಕೋ. ನೆಲ ಹುಲ್ಲಿಂದೋ ಕಾಂಕ್ರೀಟೋ. ಮಳಿ ಬಂದು ಬಂದ್ ಆದ್ರ ಫೀ ವಾಪಸ್ ಕೊಡ್ತೀರೇನು ಅಂತಾನೂ ಕೇಳ್ರಿ, ಉತ್ತರ ಹೆಚ್ಚಾಗಿ ಇಲ್ಲ ಅಂತ ಇರ್ತೈತಿ, ಆದ್ರೂ ಕೇಳ್ರಿ.